ಐಸಿನಲ್ಲಿ ಸರಿ, ಬಿಸಿಯಲ್ಲಿ ತಪ್ಪು

ಪೆಟ್ಟಿಗೆ ಹೆಚ್ಚು ಬಿಸಿಯಾಗಿದೆ ಎಂದು ಮೊದಲು ಹೇಳಿದವರು ಒಬ್ಬ ಹೆಡ್ ನರ್ಸ್. ಯಂತ್ರದ ಮುಖದ ಮೇಲೆ ಮೂವತ್ತಾರು ಡಿಗ್ರಿ ಎಂದು ಕೆಂಪು ಅಂಕಿಗಳು ಉರಿಯುತ್ತಿದ್ದವು. ಆಕೆ ಒಳಗೆ ಕೈ ಹಾಕಿ ನೋಡಿದರು, ಮುಖ ಸಿಂಡರಿಸಿದರು, ತಮ್ಮ ಗಾಜಿನ ಥರ್ಮಾಮೀಟರನ್ನು ಪುಟ್ಟ ಹಾಸಿಗೆಯ ಮೇಲಿಟ್ಟು ಅರ್ಧ ಗಂಟೆ ಕಾದರು. ಅದು ಮೂವತ್ತಾರು ಪಾಯಿಂಟ್ ಏಳು ತೋರಿಸಿತು. ಆಮೇಲೆ ನಮ್ಮ ಆಫೀಸಿಗೆ ಫೋನ್ ಮಾಡಿದರು.

ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ಬೆಚ್ಚಗಿಡುವ ಪೆಟ್ಟಿಗೆಗಳು ಅವು. ಇಂದಿರಾನಗರದ ಒಂದು ಅಡ್ಡರಸ್ತೆಯಲ್ಲಿ, ಹಳೆಯ ಮನೆಯೊಂದರ ಮಹಡಿಯ ಮೇಲೆ ನಮ್ಮ ಸಣ್ಣ ಕಂಪನಿ ಇತ್ತು. ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿತ್ತು. ಹೊಸ ಮಾದರಿಯ ಮೊದಲ ನಾಲ್ಕು ಪೆಟ್ಟಿಗೆಗಳನ್ನು ಕಂಟೋನ್ಮೆಂಟ್ ಕಡೆಯ ಒಂದು ಹೆರಿಗೆ ಆಸ್ಪತ್ರೆಗೆ ಪರೀಕ್ಷೆಗೆಂದು ಕೊಟ್ಟಿದ್ದೆವು. ಪುಣ್ಯಕ್ಕೆ ಆ ನರ್ಸಮ್ಮ ಯಾವ ಯಂತ್ರ ಬಂದರೂ ಎಂಟು ದಿನ ಖಾಲಿ ಓಡಿಸಿ ನೋಡದೆ ಅದರೊಳಗೆ ಮಗುವನ್ನು ಮಲಗಿಸುತ್ತಿರಲಿಲ್ಲ. ಮುಕ್ಕಾಲು ಡಿಗ್ರಿ ನಮಗೆ ನಿಮಗೆ ಲೆಕ್ಕಕ್ಕಿಲ್ಲ. ಒಂದೂಕಾಲು ಕೇಜಿಯ ಮಗುವಿಗೆ ಅದು ಸಣ್ಣ ಮಾತಲ್ಲ.

ನನ್ನ ಕೆಲಸ ಬಿಲ್ಡ್ ಮಾಡುವುದು. ಅಂದರೆ, ಐದಾರು ಜನ ಬರೆದ ನೂರಾರು ಫೈಲುಗಳನ್ನು ಕಂಪೈಲರ್ ಎಂಬ ಪ್ರೋಗ್ರಾಮಿಗೆ ಕ್ರಮವಾಗಿ ಉಣಿಸಿ, ಪೆಟ್ಟಿಗೆಯ ಚಿಪ್ಪಿನೊಳಗೆ ಕೂರುವ ಒಂದೇ ಫೈಲನ್ನು ಹೊರತೆಗೆಯುವುದು. ಅಡುಗೆ ಮಾಡುವವರು ಅವರು, ಬಡಿಸುವವಳು ನಾನು ಎಂದು ಹೇಳಿಕೊಂಡು ಓಡಾಡುತ್ತಿದ್ದೆ. ಬಡಿಸುವವಳು ತಪ್ಪು ಮಾಡುವುದಕ್ಕೆ ಏನಿರುತ್ತದೆ ಎಂಬ ಜಂಬ ಒಳಗೊಳಗೇ ಇತ್ತು.

ಕೆಳಗೆ ಕಾರ್ ಶೆಡ್ಡಿನಲ್ಲಿ ಕ್ಯಾಲಿಬ್ರೇಷನ್, ಅಂದರೆ ಅಳತೆ ಸರಿಹೊಂದಿಸುವ ಕೆಲಸ, ನಡೆಯುತ್ತಿತ್ತು. ಅಲ್ಲಿ ಕೂರುತ್ತಿದ್ದವರು ಒಬ್ಬರೇ, ಐವತ್ತು ದಾಟಿದವರು. ಎಲ್ಲರೂ ಅವರನ್ನು ಭಾಯ್ ಎನ್ನುತ್ತಿದ್ದೆವು. ಶಿವಾಜಿನಗರದವರು. ಅವರ ತಂದೆ ರಸೆಲ್ ಮಾರುಕಟ್ಟೆಯ ಅಂಗಡಿಗಳಿಗೆ ತಕ್ಕಡಿ ರಿಪೇರಿ ಮಾಡಿಕೊಡುತ್ತಿದ್ದರಂತೆ. ಮಗ ತಕ್ಕಡಿಯಿಂದ ಥರ್ಮಾಮೀಟರಿಗೆ ಬಂದಿದ್ದರು. ಪ್ರತಿ ಪೆಟ್ಟಿಗೆಯ ಸೆನ್ಸರನ್ನು ಪುಡಿ ಐಸು ತುಂಬಿದ ಫ್ಲಾಸ್ಕಿನಲ್ಲಿ ಮುಳುಗಿಸಿ, ಅಂಕಿ ಸೊನ್ನೆಗೆ ಬರುವ ತನಕ ಒಂದು ಪುಟ್ಟ ತಿರುಪನ್ನು ಕೂದಲೆಳೆಯಷ್ಟು ತಿರುಗಿಸುವುದು ಅವರ ಕೆಲಸ. ಹಳೆಯ ಮಾದರಿಯಲ್ಲಿ ಐಸಿನ ನಂತರ ಬಿಸಿನೀರಿನಲ್ಲೂ ಒಂದು ಪರೀಕ್ಷೆ ಇತ್ತು. ಹೊಸ ಮಾದರಿಗೆ ಮ್ಯಾನೇಜರು ಅದನ್ನು ತೆಗೆಸಿದ್ದರು. ಸೊನ್ನೆ ಕೂಡಿಸಿದರೆ ಸಾಕು, ಮಿಕ್ಕದ್ದನ್ನು ಸಾಫ್ಟ್‌ವೇರ್ ಲೆಕ್ಕ ಹಾಕುತ್ತದೆ ಎಂಬುದು ಅವರ ವಾದ. ಸಾಫ್ಟ್‌ವೇರ್ ಸರಿ ಇದ್ದರೆ ವಾದ ತಪ್ಪೇನಲ್ಲ.

ನರ್ಸಮ್ಮನ ಫೋನ್ ಬಂದ ಬುಧವಾರ ಮ್ಯಾನೇಜರು ನಮ್ಮನ್ನು ಒಳಗೆ ಕರೆದರು. ಮೇಜಿನ ಈ ಕಡೆ ನಾನು, ಭಾಯ್.

“ಭಾಯ್, ನೀವು ಮೀನ್ ಮಾರ್ಕೆಟ್ಟಿಂದ ಐಸ್ ತರ್ತೀರಂತೆ. ಅದ್ರಲ್ಲಿ ಉಪ್ಪಿರುತ್ತೆ. ಉಪ್ಪಿದ್ರೆ ಝೀರೋ ಝೀರೋ ಆಗಿರಲ್ಲ. ಅದಕ್ಕೇ ನಾಲ್ಕೂ ಬಾಕ್ಸ್ ಔಟ್ ಆಗಿರೋದು,” ಎಂದರು ಮ್ಯಾನೇಜರು.

ಭಾಯ್ ಕುರ್ಚಿಯಲ್ಲಿ ಮುಂದೆ ಬಾಗಿದರು. “ಉಪ್ಪಿದ್ರೆ ಪೆಟ್ಟಿಗೆ ತಣ್ಣಗಾಗ್ಬೇಕಿತ್ತು ಸಾರ್. ನರ್ಸಮ್ಮ ಬಿಸಿ ಅಂತಿದಾರೆ.”

ಮ್ಯಾನೇಜರಿಗೆ ಅದು ತಲೆಗೆ ಹೋಗಲಿಲ್ಲ. ನಿಜ ಹೇಳಬೇಕೆಂದರೆ ನನಗೂ ಹೋಗಲಿಲ್ಲ. “ಹಂಗಾದ್ರೆ ಐಸ್ ಕರಗಿ ನೀರಾಗಿತ್ತು ಅಂತ ಇಟ್ಕೊಳ್ಳಿ. ಏನೋ ಒಂದು. ಸಾಫ್ಟ್‌ವೇರ್ ಅಂತೂ ಟೆಸ್ಟ್ ಆಗಿದೆ. ಅಲ್ವಾ?” ಎಂದು ನನ್ನ ಕಡೆ ತಿರುಗಿದರು.

ನಾನು ಹೂಂ ಎಂದು ತಲೆಯಾಡಿಸಿದೆ. ಆ ತಲೆಯಾಡಿಸಿದ್ದು ನೆನಪಾದರೆ ಇವತ್ತಿಗೂ ಕುತ್ತಿಗೆ ಬಿಸಿಯಾಗುತ್ತದೆ.

ಶನಿವಾರದೊಳಗೆ ಭಾಯ್ ಒಂದು ಪತ್ರಕ್ಕೆ ಸಹಿ ಹಾಕಿ ಕೊಡಬೇಕು ಎಂದು ತೀರ್ಮಾನವಾಯಿತು. ತಪ್ಪು ತನ್ನ ಕೈಯಿಂದ ಆಯಿತು ಎಂದು ಒಪ್ಪಿಕೊಳ್ಳುವ ಪತ್ರ. ಅದನ್ನು ಆಸ್ಪತ್ರೆಗೆ ತೋರಿಸಿ, ಅಳತೆಯವರನ್ನು ಬದಲಾಯಿಸಿದ್ದೇವೆ ಎಂದು ಹೇಳಿ, ಪರೀಕ್ಷೆ ಮುಂದುವರಿಸುವುದು ಮ್ಯಾನೇಜರ ಯೋಚನೆ. ಮ್ಯಾನೇಜರು ಕೆಟ್ಟವರೇನಲ್ಲ. ಆಸ್ಪತ್ರೆಯ ಬಾಗಿಲು ಮುಚ್ಚಿದರೆ ಕಂಪನಿ ಉಳಿಯುವುದಿಲ್ಲ ಎಂದು ಹೆದರಿದ್ದರು.

ಆ ಸಂಜೆ ಕೆ.ಆರ್. ಪುರದ ಬಸ್ಸಿನಲ್ಲಿ ಕಿಟಕಿ ಪಕ್ಕ ಸೀಟು ಸಿಕ್ಕಿತು. ಕೈಯಲ್ಲಿದ್ದ ಪುಸ್ತಕದ ಹಿಂದೆ ಭಾಯ್ ಹೇಳಿದ್ದನ್ನು ಬರೆದು ನೋಡಿದೆ. ಉಪ್ಪು ಬೆರೆತ ಐಸು ಸೊನ್ನೆಗಿಂತ ತಣ್ಣಗಿರುತ್ತದೆ. ಅದನ್ನೇ ಸೊನ್ನೆ ಎಂದು ತಿರುಪು ತಿರುಗಿಸಿದರೆ ಯಂತ್ರ ಯಾವಾಗಲೂ ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ಹೆಚ್ಚು ತೋರಿಸುವ ಯಂತ್ರ, ಸಾಕು ಎಂದು ಬೇಗ ಹೀಟರ್ ಆರಿಸುತ್ತದೆ. ಪೆಟ್ಟಿಗೆ ತಣ್ಣಗಾಗುತ್ತದೆ. ಹೌದಲ್ಲ! ಅವರು ಒಂದೇ ಉಸಿರಿಗೆ ಹೇಳಿದ್ದು ಇಂಜಿನಿಯರಮ್ಮನಿಗೆ ಅರ್ಥವಾಗಲು ಟಿನ್ ಫ್ಯಾಕ್ಟರಿ ಸ್ಟಾಪು ಬರಬೇಕಾಯಿತು. ನಾಚಿಕೆಯಾಯಿತು. ಆದರೆ ಐಸು ಕರಗಿ ಬೆಚ್ಚಗಾಗಿದ್ದರೆ ಪೆಟ್ಟಿಗೆ ಬಿಸಿಯಾಗುವುದು ನಿಜ, ಆ ಅನುಮಾನ ಇನ್ನೂ ಹಾಗೇ ಉಳಿದಿತ್ತು.

ಮರುದಿನ ಬೆಳಿಗ್ಗೆ ಭಾಯ್ ಜೊತೆ ರಸೆಲ್ ಮಾರುಕಟ್ಟೆಗೆ ನಾನೂ ಹೋದೆ. ನೋಡಬೇಕು ಎಂದು ಕೇಳಿದ್ದಕ್ಕೆ ಅವರು ಬೇಡ ಎನ್ನಲಿಲ್ಲ. ಮೀನಿನ ಸಾಲಿನಲ್ಲಿ ಹರಾಜು ಜೋರಾಗಿತ್ತು. ತಮಿಳಿನಲ್ಲಿ ಒಬ್ಬ ಕೂಗಿದರೆ ದಖ್ಖನಿಯಲ್ಲಿ ಇನ್ನೊಬ್ಬ ಬಯ್ಯುತ್ತಿದ್ದ. ನಾನು ಸೆರಗು ಮೂಗಿಗೆ ಹಿಡಿದು ಚಪ್ಪಲಿ ಎತ್ತಿ ಎತ್ತಿ ಇಡುತ್ತ ನಡೆದೆ. ಭಾಯ್ ಆ ಸಾಲನ್ನು ದಾಟಿ ಹಿಂದಕ್ಕೆ ಹೋದರು. ಅಲ್ಲಿ ಲಾರಿಯಿಂದ ಇಳಿದ ಐಸಿನ ದಿಮ್ಮಿಗಳು ಮರದ ಹೊಟ್ಟಿನಲ್ಲಿ ಮಲಗಿದ್ದವು, ಇನ್ನೂ ಯಾವ ಮೀನೂ ಮುಟ್ಟದವು.

ಅವರು ಒಂದು ದಿಮ್ಮಿಯನ್ನು ಬಗ್ಗಿ ನೋಡಿದರು, ಬಿಟ್ಟರು. ಇನ್ನೊಂದನ್ನು ನೋಡಿದರು. ಮೂರನೆಯದರ ನಡುವೆ ಬೆರಳಿಟ್ಟು, “ಇಲ್ಲಿ ನೋಡಿ ಮೇಡಂ, ಒಳಗೆ ಬೆಳ್ಳಗೆ ಮೋಡ ಇಲ್ಲ. ಗಾಜಿನ ಥರ ಇದೆ. ನೀರಲ್ಲಿರೋ ಕಸ, ಉಪ್ಪು ಎಲ್ಲ ಕೊನೇಗೆ ಹೆಪ್ಪುಗಟ್ಟೋ ಕಡೆ ಹೋಗಿ ಸೇರ್ಕೊಳ್ಳುತ್ತೆ. ಕ್ಲಿಯರ್ ಇರೋ ತುಂಡು ಮಾತ್ರ ನಂದು,” ಎಂದರು. ಮಾರುವವನು ಮಾತಿಲ್ಲದೆ ಆ ಭಾಗವನ್ನೇ ಒಡೆದು ಕೊಟ್ಟ. ಎಷ್ಟೋ ವರ್ಷದ ಅಭ್ಯಾಸ ಎಂದು ನೋಡಿದರೇ ತಿಳಿಯುತ್ತಿತ್ತು.

ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುವಾಗ ಜೇಬಿನಿಂದ ಮಡಿಸಿದ ಹಾಳೆ ತೆಗೆದು ನನಗೆ ಕೊಟ್ಟರು. ಆಫೀಸಿನಲ್ಲಿ ಇಂಗ್ಲಿಷಿನಲ್ಲಿ ಟೈಪ್ ಮಾಡಿಕೊಟ್ಟಿದ್ದ ಪತ್ರ. “ಕನ್ನಡದಲ್ಲಿ ಓದಿ ಹೇಳಿ. ಅರ್ಥ ಆಗಿದೆ, ಆದ್ರೂ ಕೇಳ್ಬೇಕು.”

ಓದಿದೆ. ನನ್ನ ಅಜಾಗರೂಕತೆಯಿಂದ ಅಳತೆ ತಪ್ಪಿದೆ ಎಂಬ ಸಾಲಿಗೆ ಬಂದಾಗ ನನ್ನ ದನಿ ಸಣ್ಣಗಾಯಿತು.

“ಕೆಲಸ ಹೋದ್ರೆ ಹೋಗ್ಲಿ ಮೇಡಂ. ಇನ್ನೊಂದು ಸಿಗುತ್ತೆ. ಆದ್ರೆ ಈ ಮಾರ್ಕೆಟ್ಟಲ್ಲಿ ಇವತ್ತಿಗೂ ತಕ್ಕಡಿ ಜಗಳ ಬಂದ್ರೆ ನಮ್ಮ ಮನೆಯೋರನ್ನ ಕರೀತಾರೆ. ಅಳತೆ ತಪ್ಪಿದೋನು ಅಂತ ಬರ್ಕೊಟ್ಮೇಲೆ ನಾನು ಯಾವ ಮುಖ ಇಟ್ಕೊಂಡು ಹೋಗ್ಲಿ?” ಎಂದರು. ಗ್ಲಾಸು ಕೆಳಗಿಟ್ಟು ಪತ್ರವನ್ನು ಮೊದಲಿದ್ದ ಮಡಿಕೆಯಲ್ಲೇ ಮಡಿಸಿ ಜೇಬಿಗೆ ಹಾಕಿಕೊಂಡರು.

ಶೆಡ್ಡಿಗೆ ಬಂದು ಐಸನ್ನು ಡಿಸ್ಟಿಲ್ಡ್ ನೀರಿನಲ್ಲಿ ತೊಳೆದರು. ಬಟ್ಟೆಯಲ್ಲಿ ಕಟ್ಟಿ ಮರದ ಸುತ್ತಿಗೆಯಿಂದ ರವೆಯಂತೆ ಪುಡಿ ಮಾಡಿ, ಫ್ಲಾಸ್ಕಿಗೆ ಒತ್ತಿ ತುಂಬಿ, ನೀರು ಕಾಳುಗಳ ನಡುವೆ ಮಾತ್ರ ನಿಲ್ಲುವ ಹಾಗೆ ಮಿಕ್ಕದ್ದನ್ನು ಬಸಿದರು. ತಳದಲ್ಲಿ ನೀರು ನಿಂತರೆ ಅದು ಬೆಚ್ಚಗಾಗುತ್ತದಂತೆ. ಆಸ್ಪತ್ರೆಯಿಂದ ವಾಪಸು ತರಿಸಿದ್ದ ಒಂದು ಪೆಟ್ಟಿಗೆಯ ಸೆನ್ಸರನ್ನು ಅದರೊಳಗೆ ಇಳಿಸಿ, ಪಕ್ಕದಲ್ಲಿ ಎರಡು ಗಾಜಿನ ಥರ್ಮಾಮೀಟರು ಇಳಿಸಿದರು. ಇಪ್ಪತ್ತು ನಿಮಿಷ ಕಾದೆವು. ಮೂರೂ ಸೊನ್ನೆ. ಒಂದು ಕೂದಲೂ ಆಚೀಚೆ ಇಲ್ಲ.

“ತಿರುಪು ನಾನು ಮುಟ್ಟಿಲ್ಲ. ಡಿಸೆಂಬರಲ್ಲಿ ಇಟ್ಟಿದ್ದು ಹಾಗೇ ಇದೆ,” ಎಂದರು ಭಾಯ್.

ಆಗ ಅವರಿಗೇ ಹೊಳೆದದ್ದೋ, ಮೊದಲೇ ಯೋಚಿಸಿದ್ದರೋ, ಮೂಲೆಯಿಂದ ಹಳೆಯ ಬಿಸಿನೀರಿನ ಪಾತ್ರೆ ಎಳೆದರು. ಇಪ್ಪತ್ತು ಡಿಗ್ರಿಯ ನೀರಿನಲ್ಲಿ ನಮ್ಮ ಪೆಟ್ಟಿಗೆ ಪಾಯಿಂಟ್ ನಾಲ್ಕು ಕಡಿಮೆ ತೋರಿಸಿತು. ನಲವತ್ತರಲ್ಲಿ ಪಾಯಿಂಟ್ ಏಳು ಕಡಿಮೆ. ಐವತ್ತರಲ್ಲಿ ಪಾಯಿಂಟ್ ಒಂಬತ್ತು. ಭಾಯ್ ಒಂದು ಗ್ರಾಫ್ ಹಾಳೆಯಲ್ಲಿ ನಾಲ್ಕು ಚುಕ್ಕೆ ಇಟ್ಟು ಉಕ್ಕಿನ ಸ್ಕೇಲು ಜೋಡಿಸಿದರು. ಚುಕ್ಕೆಗಳು ಒಂದೇ ಗೆರೆಯ ಮೇಲೆ ಕೂತವು. ಗೆರೆ ನೇರವಾಗಿ ಸೊನ್ನೆಯೊಳಗಿಂದ ಹಾದುಹೋಯಿತು.

“ನನ್ನ ಕೈ ತಪ್ಪಿದ್ರೆ ಎಲ್ಲಾ ಕಡೆ ಒಂದೇ ಥರ ತಪ್ಪಾಗ್ಬೇಕು. ತಕ್ಕಡಿ ಒಂದು ಕಡೆ ವಾಲಿದ್ರೆ ಖಾಲಿ ಇದ್ರೂ ವಾಲುತ್ತೆ, ತೂಕ ಇಟ್ರೂ ಅಷ್ಟೇ ವಾಲುತ್ತೆ. ಇದು ಹಂಗಿಲ್ಲ ಮೇಡಂ. ಇದು ಬಿಸಿ ಜೊತೆ ಬೆಳೀತಾ ಇದೆ. ಇದು ಲೆಕ್ಕ ಹಾಕೋರ ತಪ್ಪು,” ಎಂದರು.

ಒಂದು ಕಾರ್ ಶೆಡ್ಡಿನಲ್ಲಿ, ಮಾರುಕಟ್ಟೆಯ ಐಸು ಒಂದು ತುಂಡು, ಒಂದು ಸ್ಕೇಲು, ನಾಲ್ಕು ಚುಕ್ಕೆ. ಅಷ್ಟರಿಂದಲೇ ಅವರು ಮಹಡಿಯ ಮೇಲಿನ ನಮ್ಮ ಕಂಪ್ಯೂಟರಿನೊಳಗೆ ಬೆರಳಿಟ್ಟು ತೋರಿಸಿದ್ದರು. ದೇವರಿಗೆ ಕೈ ಮುಗಿಯುವಾಗ ಬಾರದ ಭಕ್ತಿ ಆ ಗೆರೆ ನೋಡುವಾಗ ಬಂತು. ಲೆಕ್ಕ ಹಾಕುವವರು ನಾವು ಎಂಬುದು ಆಮೇಲೆ ನೆನಪಾಯಿತು.

ಈ ಸೆನ್ಸರಿನ ಜೀವ ಒಂದು ಪ್ಲಾಟಿನಂ ತಂತಿ. ಐಸಿನಲ್ಲಿ ಅದರ ಪ್ರತಿರೋಧ ಸರಿಯಾಗಿ ನೂರು ಓಮ್. ಬಿಸಿಯಾದಷ್ಟೂ ಏರುತ್ತದೆ. ಎಷ್ಟು ಏರುತ್ತದೆ ಎಂಬುದು ತಂತಿಯ ಜಾತಿಯ ಮೇಲೆ ನಿಂತಿದೆ. ಒಂದು ಜಾತಿಯ ತಂತಿಗೆ ಮೂರು ಎಂಟು ಐದು ಎಂದು ಕೊನೆಯಾಗುವ ಸಂಖ್ಯೆ, ಇನ್ನೊಂದಕ್ಕೆ ಮೂರು ಒಂಬತ್ತು ಎರಡು. ಹಳೆಯ ಮಾದರಿಯಲ್ಲಿ ಎರಡನೆಯ ಜಾತಿ ಇತ್ತು, ಹೊಸದರಲ್ಲಿ ಮೊದಲನೆಯದು. ಸೊನ್ನೆ ಡಿಗ್ರಿಯಲ್ಲಿ ಎರಡೂ ಒಂದೇ. ನಮ್ಮ ಮೇಜಿನ ಮೇಲೆ ಐಸು ಯಾರು ಇಡುತ್ತಾರೆ? ನಾವು ಸೆನ್ಸರಿನ ಬದಲು ನೂರು ಓಮಿನ ರೆಸಿಸ್ಟರ್ ಸಿಕ್ಕಿಸಿ, ಅಂಕಿ ಸೊನ್ನೆ ಬಂದರೆ ಪಾಸ್ ಎಂದು ಬರೆಯುತ್ತಿದ್ದೆವು. ನಾನು ಹೂಂ ಎಂದಿದ್ದ ಟೆಸ್ಟ್ ಇಷ್ಟೇ.

ಮಧ್ಯಾಹ್ನ ಮಹಡಿ ಹತ್ತಿ ಆ ಸಂಖ್ಯೆ ಇರುವ ಫೈಲು ತೆರೆದೆ. ಇಂಥ ಫೈಲುಗಳಿಗೆ ಹೆಡರ್ ಎನ್ನುತ್ತಾರೆ. ಎಲ್ಲರಿಗೂ ಬೇಕಾದ ಸಂಖ್ಯೆಗಳು, ಹೆಸರುಗಳು ಅದರಲ್ಲಿರುತ್ತವೆ, ಬೇಕಾದ ಫೈಲು ಒಂದೇ ಸಾಲಿನಲ್ಲಿ ಅದನ್ನು ಕರೆಸಿಕೊಳ್ಳುತ್ತದೆ. ಸಂಖ್ಯೆ ಮೂರು ಎಂಟು ಐದೇ ಇತ್ತು. ಸರಿಯಾಗೇ ಇತ್ತು! ಲೆಕ್ಕದ ಸೂತ್ರ ನೋಡಿದೆ. ಅದೂ ಸರಿ. ಸಂಜೆಯ ತನಕ ಸರಿಯಾದ ಫೈಲನ್ನೇ ಮತ್ತೆ ಮತ್ತೆ ಓದಿ ಕಣ್ಣು ನೋಯಿಸಿಕೊಂಡೆ. ಬಸ್ಸಿನಲ್ಲಿ ಒಂದು ಕ್ಷಣ ಭಾಯ್ ಮೇಲೆಯೇ ಸಿಟ್ಟು ಬಂತು, ಗೆರೆ ಎಳೆದು ನನ್ನ ತಲೆಗೆ ಕಟ್ಟಿದರಲ್ಲ ಎಂದು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ, ಅದು ನಾನೇ.

ಶುಕ್ರವಾರ ಬೆಳಿಗ್ಗೆ ಹಟಕ್ಕೆ ಬಿದ್ದು ಒಂದು ಹುಚ್ಚು ಕೆಲಸ ಮಾಡಿದೆ. ಹೆಡರಿನಲ್ಲಿದ್ದ ಸಂಖ್ಯೆಯನ್ನು ಅಳಿಸಿ ಬೇಕೆಂದೇ ಅಸಂಬದ್ಧ ಸಂಖ್ಯೆ ಬರೆದೆ. ಬಿಲ್ಡ್ ಮಾಡಿ ಪೆಟ್ಟಿಗೆಗೆ ತುಂಬಿದೆ. ಇನ್ನು ಅದು ನೂರೋ ಇನ್ನೂರೋ ಡಿಗ್ರಿ ತೋರಿಸಿ ಕಿರುಚಬೇಕು. ಕಿರುಚಲಿಲ್ಲ. ನಿನ್ನೆಯಷ್ಟೇ ಶಾಂತವಾಗಿ, ನಿನ್ನೆಯ ತಪ್ಪನ್ನೇ ತೋರಿಸುತ್ತ ಕುಳಿತಿತ್ತು. ಹಳೆಯ ತುಣುಕುಗಳು ಉಳಿದಿರಬಹುದೆಂದು ಎಲ್ಲ ಅಳಿಸಿ ಮೊದಲಿನಿಂದ ಬಿಲ್ಡ್ ಮಾಡಿದೆ. ಆಗಲೂ ಅಷ್ಟೇ. ನಾನು ಬರೆದದ್ದನ್ನು ಯಂತ್ರ ಓದುತ್ತಲೇ ಇಲ್ಲ. ಹಾಗಾದರೆ ಏನನ್ನು ಓದುತ್ತಿದೆ?

ಕಂಪೈಲರಿಗೆ ಒಂದು ಅಕ್ಷರದ ಆಜ್ಞೆ ಕೊಟ್ಟರೆ, ಅದು ಎಲ್ಲ ಹೆಡರುಗಳನ್ನೂ ಅವುಗಳ ಜಾಗದಲ್ಲಿ ಸುರಿದು, ತಾನು ನಿಜವಾಗಿ ಓದುವುದನ್ನು ಹಾಗೇ ನಮ್ಮ ಮುಂದೆ ಚಾಚುತ್ತದೆ. ಅಷ್ಟು ವರ್ಷ ಬಿಲ್ಡ್ ಮಾಡಿಯೂ ನಾನದನ್ನು ಒಮ್ಮೆಯೂ ಕೇಳಿರಲಿಲ್ಲ. ಅರವತ್ತು ಸಾಲಿನ ಪುಟ್ಟ ಫೈಲು ಸಾವಿರಾರು ಸಾಲಾಗಿ ತೆರೆಯ ಮೇಲೆ ಹರಿಯತೊಡಗಿತು. ಯಾರು ಯಾರನ್ನು ಕರೆದರು, ಅವರು ಮತ್ತಾರನ್ನು ಕರೆದರು, ಯಾವ ಫೋಲ್ಡರಿನಿಂದ ಎದ್ದು ಬಂದರು, ಪ್ರತಿಯೊಂದರ ತಲೆಯ ಮೇಲೂ ಪೂರ್ತಿ ವಿಳಾಸ. ನಾನು ಬಾಯಿ ಬಿಟ್ಟುಕೊಂಡು ನೋಡಿದೆ. ದಿನಾ ಒಂದು ಗುಂಡಿ ಒತ್ತಿ ಕಾಫಿಗೆ ಹೋಗುತ್ತಿದ್ದೆನಲ್ಲ, ಆ ಹೊತ್ತಿನಲ್ಲಿ ಇಷ್ಟೆಲ್ಲ ನಡೆಯುತ್ತಿತ್ತೇ? ಒಂದು ಸಾಲನ್ನೂ ಬಿಡದೆ, ಬೇಸರಿಸದೆ, ಯಾರೂ ನೋಡದಿದ್ದರೂ!

ಸೆನ್ಸರಿನ ಹೆಡರ್ ಎಲ್ಲಿದೆ ಎಂದು ಹುಡುಕಿದೆ. ಸಿಕ್ಕಿತು. ಅದರ ವಿಳಾಸ ಹಳೆಯ ಮಾದರಿಯ ಫೋಲ್ಡರಿನದು. ಅಲ್ಲೂ ಅದೇ ಹೆಸರಿನ ಫೈಲಿತ್ತು, ಒಳಗೆ ಮೂರು ಒಂಬತ್ತು ಎರಡು.

ಹೆಡರ್ ಬೇಕೆಂದಾಗ ಕಂಪೈಲರ್ ಮೊದಲು ಕರೆದ ಫೈಲಿನ ಅಕ್ಕಪಕ್ಕದಲ್ಲಿ ನೋಡುತ್ತದೆ. ಇಲ್ಲದಿದ್ದರೆ ನಾವು ಕೊಟ್ಟ ಫೋಲ್ಡರುಗಳ ಪಟ್ಟಿ ಹಿಡಿದು ಹೊರಡುತ್ತದೆ: ಮೊದಲನೆಯದು, ಎರಡನೆಯದು, ಮೂರನೆಯದು. ಆ ಹೆಸರಿನ ಫೈಲು ಮೊದಲು ಎಲ್ಲಿ ಸಿಕ್ಕಿತೋ ಅಲ್ಲಿಗೆ ಹುಡುಕಾಟ ಮುಗಿಯಿತು. ಮುಂದಿನ ಮನೆಯಲ್ಲೂ ಅದೇ ಹೆಸರಿನವರು ಇದ್ದಾರೆಯೇ ಎಂದು ಕೇಳುವ ಚಾಳಿ ಅದಕ್ಕಿಲ್ಲ. ಎರಡು ಹೆಡರಿನಲ್ಲೂ ಹೆಸರುಗಳು ಒಂದೇ ಆದ್ದರಿಂದ ಒಂದು ಎಚ್ಚರಿಕೆಯ ಮಾತೂ ಬರಲಿಲ್ಲ. ಹೇಳಿದಷ್ಟನ್ನು ಹೇಳಿದ ಹಾಗೆ ಮಾಡಿತ್ತು.

ಪಟ್ಟಿ ಕೊಟ್ಟವಳು ಯಾರು? ನಾನು. ಮೊದಲು ಫೋಲ್ಡರುಗಳನ್ನು ಒಂದೊಂದಾಗಿ ಹತ್ತು ಸಾಲಿನಲ್ಲಿ ಬರೆಯುತ್ತಿದ್ದರು. ನಾನು ಬಂದು ಆ ಹತ್ತು ಸಾಲು ಕಿತ್ತು ಒಂದೇ ಸಾಲು ಮಾಡಿದ್ದೆ: ಇಲ್ಲಿ ಎಷ್ಟು ಫೋಲ್ಡರಿವೆಯೋ ಅಷ್ಟನ್ನೂ ತಗೊ. ಎಲ್ಲರೂ ಭೇಷ್ ಎಂದಿದ್ದರು. ಅಷ್ಟನ್ನೂ ತಗೊ ಎಂದರೆ ಅದು ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ತೆಗೆದುಕೊಳ್ಳುತ್ತದೆ. ಆದರೂ ಒಂದು ವರ್ಷ ಏನೂ ಆಗಿರಲಿಲ್ಲ. ಈಗ ಯಾಕೆ ಎಂದು ತಲೆ ಕೆರೆದುಕೊಂಡೆ. ಆಮೇಲೆ ನೆನಪಾಗಿ ಕುರ್ಚಿಯಲ್ಲೇ ಕುಸಿದೆ.

ನವೆಂಬರಿನಲ್ಲಿ ರಾಜ್ಯೋತ್ಸವಕ್ಕೆ ಆಫೀಸಿನಲ್ಲಿ ಬಾವುಟ ಕಟ್ಟಿದ್ದೆವು. “ನೀನು ನವೆಂಬರ್ ಕನ್ನಡತಿ ಕಣೇ,” ಎಂದು ಯಾರೋ ಛೇಡಿಸಿದರು. ನನ್ನ ಮೂಗಿನ ತುದಿಯಲ್ಲೇ ಕೋಪ. ನೋಡ್ತಿರು ಎಂದವಳೇ ಹೋಗಿ ಕೂತು, ನ್ಯೂ ಮತ್ತು ಓಲ್ಡ್ ಎಂದಿದ್ದ ಎರಡು ಫೋಲ್ಡರುಗಳ ಹೆಸರನ್ನು ಹೊಸ, ಹಳೆ ಎಂದು ಬದಲಾಯಿಸಿದೆ, ಇಂಗ್ಲಿಷ್ ಅಕ್ಷರಗಳಲ್ಲಿ. ಬೇರೆ ಒಂದು ಸಾಲನ್ನೂ ಮುಟ್ಟಬೇಕಾಗಲಿಲ್ಲ, ಬಿಲ್ಡ್ ಹೂವೆತ್ತಿದ ಹಾಗೆ ಆಯಿತು. ನನ್ನ ಒಂದು ಸಾಲಿನ ಮಹಿಮೆ ಎಂದು ಎಲ್ಲರಿಗೂ ತೋರಿಸಿದ್ದೆ.

ನ್ಯೂ ಎಂಬುದರಲ್ಲಿ ಮೊದಲ ಅಕ್ಷರ ಎನ್. ಓಲ್ಡ್ ಎಂಬುದರಲ್ಲಿ ಓ. ಎನ್ ಮೊದಲು, ಓ ಆಮೇಲೆ. ಹಾಗಾಗಿ ಇಂಗ್ಲಿಷಿನಲ್ಲಿದ್ದಷ್ಟು ಕಾಲ ಹೊಸ ಹೆಡರೇ ಮೊದಲು ಸಿಗುತ್ತಿತ್ತು, ಬರೀ ಅದೃಷ್ಟದಿಂದ. ಹೊಸ ಎಂದು ಬರೆದರೆ ಎಚ್, ಓ. ಹಳೆ ಎಂದರೆ ಎಚ್, ಎ. ಕನ್ನಡಕ್ಕೆ ಬಂದ ಕೂಡಲೇ ಹಳೆಯದು ಮುಂದೆ ಬಂದು ನಿಂತಿತು. ಕನ್ನಡ ನಿಘಂಟು ತೆಗೆದರೂ ಅಷ್ಟೆ, ಹಳೆ ಮೊದಲು, ಹೊಸ ಆಮೇಲೆ. ನಗುವುದೋ ಅಳುವುದೋ ತಿಳಿಯಲಿಲ್ಲ. ಒಂದು ಅಕ್ಷರದ ಹಿಂದುಮುಂದು ಶಿವಾಜಿನಗರದ ಒಬ್ಬ ಮನುಷ್ಯನ ಜೇಬಿನಲ್ಲಿ ಪತ್ರವಾಗಿ ಕುಳಿತಿತ್ತು.

ಪಟ್ಟಿಯನ್ನು ಕೈಯಾರೆ ಬರೆದೆ, ಹೊಸದನ್ನು ಮುಂದಿಟ್ಟೆ, ಸಂಖ್ಯೆಯನ್ನು ಮೊದಲಿನಂತೆ ಮಾಡಿ ಬಿಲ್ಡ್ ಮಾಡಿದೆ. ನಲವತ್ತರ ನೀರಿನಲ್ಲಿ ಪೆಟ್ಟಿಗೆ ನಲವತ್ತೇ ತೋರಿಸಿತು. ಭಾಯ್ ನಮಾಜಿಗೆ ಹೋಗಿದ್ದರು, ಶೆಡ್ಡಿನಲ್ಲಿ ನಾನೊಬ್ಬಳೇ. ಅಂಥ ಹೊತ್ತಿನಲ್ಲಿ ಬರುವ ಯೋಚನೆ ಬಂತು. ಹೊಸ ಬಿಲ್ಡ್ ಕಳಿಸಿದರೆ ಪೆಟ್ಟಿಗೆಗಳು ತಾವಾಗಿ ಸರಿಹೋಗುತ್ತವೆ. ಯಾಕೆ ಸರಿಹೋಯಿತು ಎಂದು ಯಾರು ಕೇಳುತ್ತಾರೆ? ಊಟದ ಡಬ್ಬಿ ಮುಂದಿಟ್ಟುಕೊಂಡು ಅರ್ಧ ಗಂಟೆ ಹಾಗೇ ಕೂತಿದ್ದೆ. ಕೋತಿ ತಾನು ಮೊಸರನ್ನ ತಿಂದು ಮೇಕೆಯ ಬಾಯಿಗೆ ಒರೆಸಿತಂತೆ ಎಂದು ನಮ್ಮಮ್ಮ ಹೇಳುವುದು ನೆನಪಾಗಿ ಡಬ್ಬಿ ಮುಚ್ಚಿದೆ. ಒಳಗೆ ಇದ್ದದ್ದೂ ಮೊಸರನ್ನವೇ.

ಮ್ಯಾನೇಜರಿಗೆ ಎಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಪೆನ್ನು ಮುಚ್ಚಿಟ್ಟರು. ಎದ್ದು ಬಾಗಿಲು ಹಾಕಿದರು.

“ನೋಡಮ್ಮ, ಕ್ಯಾಲಿಬ್ರೇಷನ್ ತಪ್ಪು ಅಂದ್ರೆ ಒಬ್ಬ ಮನುಷ್ಯನ ತಪ್ಪು. ಸಾಫ್ಟ್‌ವೇರ್ ತಪ್ಪು ಅಂದ್ರೆ ಇಡೀ ಕಂಪನಿ ತಪ್ಪು. ಫಿಕ್ಸ್ ಮಾಡಿದ್ದೀಯ, ಗುಡ್. ಸೈಲೆಂಟಾಗಿ ಕಳ್ಸು. ಭಾಯ್‌ಗೆ ನಾನು ಬೇರೆ ಎಲ್ಲಾದ್ರೂ ಕೆಲ್ಸಕ್ಕೆ ಹೇಳ್ತೀನಿ.”

“ಕಾರಣ ಬರೀದೆ ನಾನು ಬಿಲ್ಡ್ ಕೊಡಲ್ಲ ಸಾರ್.”

“ಏನಂದೆ?”

ಬಿಲ್ಡ್ ಹೊರಗೆ ಹೋಗಬೇಕಾದರೆ ಅದರ ಜೊತೆಗಿನ ಟಿಪ್ಪಣಿಗೆ ನನ್ನ ಸಹಿ ಬೇಕು, ಅದು ಅವರೇ ಮಾಡಿದ್ದ ನಿಯಮ. “ಟಿಪ್ಪಣೀಲಿ ಏನು ತಪ್ಪಿತ್ತು, ಯಾರು ಮಾಡಿದ್ರು ಅಂತ ಬರೀತೀನಿ. ನಾನು ಮಾಡಿದ್ದು ಅಂತ ಬರೀತೀನಿ. ಅದಿಲ್ದೆ ಸೈನ್ ಹಾಕಲ್ಲ. ನಾಳೆ ಇನ್ನೊಬ್ರು ಇನ್ನೊಂದು ಫೋಲ್ಡರಿಗೆ ಹೆಸರಿಟ್ರೆ ಮತ್ತೆ ಇದೇ ಆಗುತ್ತೆ ಸಾರ್, ಆಗ ಒಳಗೆ ಮಗು ಇರುತ್ತೆ.”

“ಹೊರಗೆ ಹೋಗು,” ಎಂದರು. ಹೋದೆ. ಕೆಲಸವೂ ಹೋಯಿತು ಎಂದುಕೊಂಡೇ ಹೋಗಿ, ಕಂಪೈಲರ್ ತೋರಿಸಿದ್ದ ಆ ವಿಳಾಸದ ಸಾಲನ್ನು ಪ್ರಿಂಟ್ ತೆಗೆದು, ಟಿಪ್ಪಣಿ ಬರೆದು, ಎರಡನ್ನೂ ಪಿನ್ ಮಾಡಿ ಅವರ ಮೇಜಿನ ಮೇಲಿಟ್ಟೆ. ಅವರು ನನ್ನತ್ತ ನೋಡಲಿಲ್ಲ.

ಶನಿವಾರ ಬೆಳಿಗ್ಗೆ ನಾನು ಬರುವ ಹೊತ್ತಿಗೆ ಮ್ಯಾನೇಜರು ಆಸ್ಪತ್ರೆಗೆ ಫೋನ್ ಮಾಡುತ್ತಿದ್ದರು. ಮುಂದೆ ನನ್ನ ಟಿಪ್ಪಣಿ ಇತ್ತು, ಅದನ್ನೇ ಸಾಲುಸಾಲಾಗಿ ಓದಿ ಹೇಳುತ್ತಿದ್ದರು. ಆ ಕಡೆಯ ಗಟ್ಟಿ ದನಿ ನನಗೂ ಕೇಳುತ್ತಿತ್ತು. “ಸದ್ಯ ಕಾರಣ ಸಿಕ್ತಲ್ಲ. ಯಾಕೆ ತಪ್ಪಾಯ್ತು ಅಂತ ಗೊತ್ತಿಲ್ದಿರೋ ಮೆಷಿನ್ನು ನಂಗೆ ಬೇಡವೇ ಬೇಡ ಅಂತಿದ್ದೆ. ಸರಿ ಮಾಡಿ ತನ್ನಿ, ಇನ್ನೆಂಟು ದಿನ ಖಾಲಿ ಓಡಿಸ್ತೀನಿ,” ಎಂದರು ನರ್ಸಮ್ಮ. ಮ್ಯಾನೇಜರು ಫೋನಿಟ್ಟು, ಮೆಟ್ಟಿಲಿಳಿದು ಶೆಡ್ಡಿಗೆ ಹೋಗಿ ಭಾಯ್ ಮುಂದೆ ಕೈ ಚಾಚಿದರು. ಭಾಯ್ ಜೇಬಿನಿಂದ ಪತ್ರ ತೆಗೆದು ಕೊಟ್ಟರು. ಸಹಿ ಇರಲಿಲ್ಲ. ಮ್ಯಾನೇಜರು ಅದನ್ನು ನಾಲ್ಕು ಚೂರು ಮಾಡಿ, “ಬಿಸಿನೀರಿನ ಟೆಸ್ಟ್ ಇವತ್ತಿಂದ್ಲೇ ಶುರು ಮಾಡಿ ಭಾಯ್,” ಎಂದಷ್ಟೇ ಹೇಳಿ ಮೇಲೆ ಹೋದರು.

ನಾನು ಭಾಯ್ ಎದುರು ನಿಂತು ಇಂಗ್ಲಿಷ್ ಅಕ್ಷರಗಳ ಕಥೆಯನ್ನೆಲ್ಲ ಹೇಳಿದೆ. ಕ್ಷಮಿಸಿ ಎಂದೆ. ಅವರು ನಗಲೂ ಇಲ್ಲ, ಬೈಯಲೂ ಇಲ್ಲ. “ಅದು ಮೊದಲ್ನೇ ಬಾಗ್ಲಲ್ಲಿ ಸಿಕ್ಕಿದ್ದನ್ನೇ ತಗೊಂಡು ಬಂದ್ಬಿಡುತ್ತಾ? ಒಳಗೆ ಏನಿದೆ ಅಂತ ನೋಡಲ್ವಾ?” ಎಂದು ಎರಡು ಸಲ ಕೇಳಿದರು. ನೋಡಲ್ಲ ಎಂದೆ. “ಅಬ್ಬಾ, ಎಂಥ ನಂಬಿಕೆ ಮೇಡಂ ಅದಕ್ಕೆ ನಿಮ್ಮ ಮೇಲೆ!” ಎಂದರು. ಅವರ ಕಣ್ಣಲ್ಲಿ ನಿಜವಾದ ಬೆರಗಿತ್ತು.

ಆಸ್ಪತ್ರೆಯಲ್ಲಿದ್ದ ಮಿಕ್ಕ ಮೂರನ್ನೂ ತರಿಸಿ, ನಾಲ್ಕೂ ಪೆಟ್ಟಿಗೆಗಳಿಗೆ ಹೊಸ ಬಿಲ್ಡ್ ತುಂಬಿದೆವು. ಸಂಜೆಯ ತನಕ ಐಸು, ಇಪ್ಪತ್ತು, ನಲವತ್ತು, ಐವತ್ತು. ಭಾಯ್ ಹಾಳೆಯ ಮೇಲೆ ಚುಕ್ಕೆ ಇಡುತ್ತ ಹೋದರು. ಎಲ್ಲ ಚುಕ್ಕೆಗಳೂ ತಪ್ಪು ಸೊನ್ನೆ ಎನ್ನುವ ತಳದ ಗೆರೆಯ ಮೇಲೆಯೇ ಮಲಗಿದವು. ಕೊನೆಗೆ ಅವರು ಕ್ಯಾಲಿಬ್ರೇಷನ್ ಹಾಳೆ ತೆಗೆದು, ಅಳತೆ ಮಾಡಿದವರು ಎಂಬಲ್ಲಿ ಎಂದಿನಂತೆ ನಿಧಾನವಾಗಿ ಸಹಿ ಮಾಡಿದರು. ಆಮೇಲೆ ಸ್ಕೇಲಿಟ್ಟು ಅದರ ಪಕ್ಕದಲ್ಲಿ ಇನ್ನೊಂದು ಗೆರೆ ಎಳೆದರು. ಮೇಲೆ ದುಂಡನೆಯ ಕನ್ನಡ ಅಕ್ಷರಗಳಲ್ಲಿ ಬಿಲ್ಡ್ ಮಾಡಿದವರು ಎಂದು ಬರೆದು, ಹಾಳೆಯನ್ನು ನನ್ನ ಕಡೆ ತಿರುಗಿಸಿ ಪೆನ್ನು ಕೊಟ್ಟರು.

“ಇಷ್ಟು ವರ್ಷ ನಾನೊಬ್ನೇ ಹೆದರ್ತಿದ್ದೆ. ಇನ್ಮೇಲೆ ಇಬ್ರು,” ಎಂದರು.

ನಾನು ಪೆನ್ನು ಹಿಡಿದುಕೊಂಡು, ಸಹಿ ಹಾಕುವ ಮೊದಲು ಪಾತ್ರೆಯಲ್ಲಿದ್ದ ಗಾಜಿನ ಥರ್ಮಾಮೀಟರನ್ನು ಇನ್ನೊಂದು ಸಲ ಬಗ್ಗಿ ನೋಡಿದೆ.